ಸುಟ್ಟುಹೋದ ಬೈಕು ಮತ್ತೆ ಹುಟ್ಟಿದ್ದು ಹೇಗೆ?

ಜಗತ್ತಿನ ಮೊಟ್ಟಮೊದಲ ಪೆಟ್ರೋಲ್ ಮೋಟಾರ್ ಸೈಕಲ್ ಇಂದು ಎಲ್ಲಿಯೂ ಇಲ್ಲ. ಜರ್ಮನಿಯ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೇಬ್ಯಾಕ್ 1885ರಲ್ಲಿ ಅದನ್ನು ತಯಾರಿಸಿದರು. 1903ರಲ್ಲಿ ಕಾನ್‌ಸ್ಟಾಟ್‌ನ ಕಾರ್ಖಾನೆಗೆ ಬೆಂಕಿ ಬಿದ್ದಾಗ ಅದು ಸುಟ್ಟು ಬೂದಿಯಾಯಿತು. ಆದರೂ ಸ್ಟುಟ್‌ಗಾರ್ಟ್‌ನ ಮರ್ಸಿಡಿಸ್ ವಸ್ತುಸಂಗ್ರಹಾಲಯಕ್ಕೆ ಹೋದವರು ಅದನ್ನು ಕಣ್ಣಾರೆ ನೋಡಬಹುದು. ಅಲ್ಲಿರುವುದು ಪ್ರತಿಕೃತಿ, ಅಂದರೆ ಮೂಲದ ಅಳತೆಯಲ್ಲೇ ಹೊಸದಾಗಿ ಮಾಡಿದ ವಾಹನ.

ಹಳೆಯ, ಅಪರೂಪದ ಬೈಕಿನಂಥದೇ ಇನ್ನೊಂದನ್ನು ಮಾಡುವ ಹವ್ಯಾಸ ಇಂದು ಅನೇಕ ದೇಶಗಳಲ್ಲಿದೆ. ಇದು ಶ್ರೀಮಂತರ ಶೋಕಿ ಎಂದು ಪಾಲಕರು ತಳ್ಳಿಹಾಕಬಹುದು. ಆದರೆ ಒಂಬತ್ತು, ಹತ್ತನೆಯ ತರಗತಿಯ ಗಣಿತ–ವಿಜ್ಞಾನ ಇಲ್ಲಿ ಬಳಕೆಯಾಗುವಷ್ಟು ಬೇರೆಲ್ಲಿಯೂ ಆಗಲಾರದು.

ಲೆಕ್ಕದಿಂದ ಆರಂಭ

ಪ್ರತಿಕೃತಿಯ ಮೊದಲ ಹೆಜ್ಜೆ ಸುತ್ತಿಗೆಯಲ್ಲ, ಅಳತೆ. ಡೈಮ್ಲರನ ಎಂಜಿನ್ ಸಿಲಿಂಡರಿನ ಒಳವ್ಯಾಸ 58 ಮಿ.ಮೀ., ಪಿಸ್ಟನ್ ಚಲಿಸುವ ದೂರ 100 ಮಿ.ಮೀ. ಸಿಲಿಂಡರಿನ ಘನಫಲದ ಸೂತ್ರ ನಿಮಗೆ ಗೊತ್ತು. ತ್ರಿಜ್ಯ 2.9 ಸೆಂ.ಮೀ.; ಅದರ ವರ್ಗ 8.41, ಅದನ್ನು 3.1416ರಿಂದಲೂ 10ರಿಂದಲೂ ಗುಣಿಸಿರಿ. ಉತ್ತರ ಸುಮಾರು 264 ಘನ ಸೆಂ.ಮೀ. ಬೈಕಿನ ಭಾಷೆಯಲ್ಲಿ 264 ಸಿ.ಸಿ.! ಶಕ್ತಿ ಮಾತ್ರ ಅರ್ಧ ಅಶ್ವಶಕ್ತಿ, ವೇಗ ಗಂಟೆಗೆ ಸುಮಾರು 12 ಕಿ.ಮೀ.

ಅದರ ಚೌಕಟ್ಟು ಕಟ್ಟಿಗೆಯದು. ಗಾಲಿಗಳೂ ಕಟ್ಟಿಗೆಯವು, ಮೇಲೆ ಕಬ್ಬಿಣದ ಹಳಿ. ಅಂದರೆ ನಮ್ಮ ಎತ್ತಿನ ಬಂಡಿಯ ಗಾಲಿಯಂತೆಯೇ! ಹಿಂದೆ ಬಬಲೇಶ್ವರ, ತಿಕೋಟಾ ಕಡೆಯ ಹಳ್ಳಿಗಳಲ್ಲಿ ಬಡಿಗೇರರು, ಕಮ್ಮಾರರು ಹಳಿ ಏರಿಸುತ್ತಿದ್ದುದನ್ನು ಹಿರಿಯರನ್ನು ಕೇಳಿರಿ. ಹಳಿಯನ್ನು ಗಾಲಿಗಿಂತ ತುಸು ಚಿಕ್ಕದಾಗಿ ಮಾಡಿ, ಕೆಂಪಗೆ ಕಾಯಿಸಿ, ಹಿಗ್ಗಿದಾಗ ಕೂರಿಸಿ ನೀರು ಸುರಿಯುತ್ತಿದ್ದರು. 1.2 ಮೀಟರ್ ವ್ಯಾಸದ ಹಳಿಯ ಉಷ್ಣತೆ 500 ಡಿಗ್ರಿ ಏರಿದರೆ ಅದರ ಸುತ್ತಳತೆ ಎರಡು ಸೆಂ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ. ತಣ್ಣಗಾಗುತ್ತ ಅದು ಕುಗ್ಗಿ ಗಾಲಿಯನ್ನು ಬಿಗಿಯಾಗಿ ಹಿಡಿಯುತ್ತದೆ.

ಮೈಸೂರಿನ ಜಾವಾ

ನಮ್ಮ ನಾಡಿಗೂ ತನ್ನದೇ ಆದ ಬೈಕಿನ ಇತಿಹಾಸವಿದೆ. 1929ರಲ್ಲಿ ಆಗಿನ ಚೆಕೊಸ್ಲೊವಾಕಿಯದಲ್ಲಿ ಯಾನೆಚೆಕ್ ಎಂಬಾತ ವಾಂಡರರ್ ಕಂಪನಿಯ ಬೈಕಿನ ಹಕ್ಕು ಪಡೆದ. ಎರಡೂ ಹೆಸರುಗಳ ಮೊದಲಕ್ಷರ ಸೇರಿ 'ಜಾವಾ' ಆಯಿತು. ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1973ರಿಂದ ಆ ಬೈಕುಗಳು 'ಯೆಜ್ಡಿ' ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಬೇರೆ ಕಂಪನಿಯೊಂದು ಜಾವಾ ಹೆಸರನ್ನು ಮರಳಿ ತಂದಿತಾದರೂ ಹಳೆಯ ಎರಡು ಸ್ಟ್ರೋಕಿನ ಎಂಜಿನ್ ಮರಳಿ ಬರಲಿಲ್ಲ. ಹಾಗಾಗಿ ಹಳೆಯ ಜಾವಾಕ್ಕೆ ಅಭಿಮಾನಿಗಳು ಇಂದಿಗೂ ಇದ್ದಾರೆ.

ಅದರ ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸನ್ನೆಯನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಹಾಕುವ ಸನ್ನೆಯಾಗುತ್ತಿತ್ತು! ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ ಓಟ 75 ಮಿ.ಮೀ. ಸಿ.ಸಿ. ಎಷ್ಟೆಂದು ನೀವೇ ಲೆಕ್ಕ ಹಾಕಿರಿ.

ಕೂದಲೆಳೆಯ ಅಂತರ

ಇಂಥ ಎಂಜಿನ್ನಿನ ಹೊರಕವಚ ಸಿಗದಿದ್ದರೆ ಎರಕ ಹೊಯ್ಯಬೇಕು. ಕಟ್ಟಿಗೆಯ ಅಚ್ಚು ಮಾಡಿ, ಮರಳಿನಲ್ಲಿ ಒತ್ತಿ, ಕರಗಿದ ಅಲ್ಯೂಮಿನಿಯಂ ಸುರಿಯಬೇಕು. ಆರಿದಾಗ ಅದು ಶೇಕಡಾ 1.3ರಷ್ಟು ಕುಗ್ಗುತ್ತದೆ. 300 ಮಿ.ಮೀ. ಉದ್ದದ ಭಾಗ ಬೇಕಿದ್ದರೆ ಅಚ್ಚು ಸುಮಾರು 304 ಮಿ.ಮೀ. ಇರಬೇಕು. ಎರಕದ ವಿದ್ಯೆ ಎಷ್ಟು ಹಳೆಯದೆಂದು ತಿಳಿಯಲು ವಿಜಯಪುರದ ಮಕ್ಕಳು ದೂರ ಹೋಗಬೇಕಿಲ್ಲ. ನಮ್ಮ ಕೋಟೆಯ ಬುರುಜಿನ ಮೇಲಿರುವ ಮಲಿಕ್–ಎ–ಮೈದಾನ್ ತೋಪು 1549ರಲ್ಲಿ ಅಹಮದನಗರದಲ್ಲಿ ಎರಕಗೊಂಡದ್ದು. ಅದರ ತೂಕ ಸುಮಾರು 55 ಟನ್.

ಇನ್ನು ಪಿಸ್ಟನ್. ಅದು ಅಲ್ಯೂಮಿನಿಯಂ, ಸಿಲಿಂಡರ್ ಎರಕದ ಕಬ್ಬಿಣ. ಉಷ್ಣತೆ 100 ಡಿಗ್ರಿ ಏರಿದರೆ 65 ಮಿ.ಮೀ. ಅಲ್ಯೂಮಿನಿಯಂ 0.15 ಮಿ.ಮೀ. ಹಿಗ್ಗುತ್ತದೆ, ಕಬ್ಬಿಣ 0.07 ಮಿ.ಮೀ. ಮಾತ್ರ. ಸಾಲದ್ದಕ್ಕೆ ಪಿಸ್ಟನ್ನೇ ಹೆಚ್ಚು ಕಾಯುತ್ತದೆ. ಮೊದಲೇ ಸರಿಯಾದ ಅಂತರ ಬಿಡದಿದ್ದರೆ ಓಡುತ್ತಿರುವಾಗಲೇ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಗಾಲಿ ತಟ್ಟನೆ ನಿಂತುಬಿಡುತ್ತದೆ. ಪರೀಕ್ಷೆಯಲ್ಲಿ ದಶಮಾಂಶ ಬಿಂದು ತಪ್ಪಿದರೆ ಒಂದು ಅಂಕ ಹೋಗುತ್ತದೆ. ಇಲ್ಲಿ ಕೈಕಾಲೇ ಹೋದೀತು.

ಪ್ರತಿಕೃತಿ, ಮೋಸ ಅಲ್ಲ

ಪ್ರತಿಕೃತಿಗೂ ನಕಲಿಗೂ ವ್ಯತ್ಯಾಸವಿದೆ. ಮಾಡಿದವನು ತನ್ನ ಹೆಸರು, ಮಾಡಿದ ವರ್ಷ ಕೆತ್ತಿದರೆ ಅದು ಪ್ರತಿಕೃತಿ. ಹಳೆಯ ಚಾಸಿ ನಂಬರ್ ಕುಟ್ಟಿ ಮೂಲದ್ದೆಂದು ಮಾರಿದರೆ ಅಪರಾಧ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ವಾಹನಕ್ಕೆ ಮಾತ್ರ 'ವಿಂಟೇಜ್' ಮನ್ನಣೆಯುಂಟು. ನಿನ್ನೆ ಕಟ್ಟಿದ ಪ್ರತಿಕೃತಿಗೆ ಅದು ಸಲ್ಲದು.

ಮನೆಯಲ್ಲಿರುವ ಬೈಕನ್ನೇ ಕೊಯ್ದು ಬೇರೆ ರೂಪ ಕೊಡುವುದೂ ಸಲ್ಲ. ತಯಾರಕರು ಕೊಟ್ಟ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸೈಲೆನ್ಸರ್ ಕಿತ್ತು ಸದ್ದು ಮಾಡುತ್ತ ಓಡಾಡುವ ತರುಣರು ಇದನ್ನು ಗಮನಿಸಲಿ. ಸದ್ದು ಮಾಡುವುದಕ್ಕೆ ವಿದ್ಯೆ ಬೇಕಿಲ್ಲ.

ಹಾಗಾದರೆ ವಿದ್ಯಾರ್ಥಿಗಳು ಏನು ಮಾಡಬಹುದು? ಡೈಮ್ಲರನ ಬೈಕಿನ ಮಾದರಿಯನ್ನು ನಾಲ್ಕನೆಯ ಒಂದು ಅಳತೆಯಲ್ಲಿ ಕಟ್ಟಿಗೆಯಿಂದ ಮಾಡಿರಿ. ಎಂಜಿನ್ ಓಡಬೇಕಿಲ್ಲ, ಪೆಟ್ರೋಲ್ ಬೇಡವೇ ಬೇಡ. ಎಲ್ಲ ಅಳತೆಗಳೂ ನಾಲ್ಕನೆಯ ಒಂದಾದರೆ ಘನಫಲ ಎಷ್ಟಾಗುತ್ತದೆ? ನಾಲ್ಕನೆಯ ಒಂದಲ್ಲ, ಅರವತ್ನಾಲ್ಕನೆಯ ಒಂದು! ಏಕೆಂದು ಯೋಚಿಸಿರಿ.

ಪಾಲಕರಲ್ಲಿ ಒಂದು ಮಾತು. ಕೈಗೆ ಗ್ರೀಸ್ ಹಚ್ಚಿಕೊಂಡ ಹುಡುಗ ಹಾಳಾದ ಎಂದು ಬೈಯಬೇಡಿರಿ. ಹಾಗೆಂದು ಹದಿನೆಂಟು ತುಂಬುವ ಮುನ್ನ ಬೈಕಿನ ಕೀಲಿಯನ್ನೂ ಕೊಡಬೇಡಿರಿ. ಅವನ ಕೈಗೆ ಒಂದು ವರ್ನಿಯರ್ ಕ್ಯಾಲಿಪರ್ ಕೊಡಿರಿ. ಹಾಳಾದ ಪಿಸ್ಟನ್ ಒಂದನ್ನು ಗ್ಯಾರೇಜಿನಿಂದ ಕೇಳಿ ತಂದು ಅಳೆಯಲು ಹೇಳಿರಿ. ಡೈಮ್ಲರನ ಬೈಕು ಸುಟ್ಟರೂ ಅದರ ನಕ್ಷೆ, ಅಳತೆ ಉಳಿದಿದ್ದವು. ಆದ್ದರಿಂದಲೇ ಅದನ್ನು ಮತ್ತೆ ಮಾಡಲು ಸಾಧ್ಯವಾಯಿತು. ಅಳೆದು ಬರೆದಿಡುವ ಅಭ್ಯಾಸ ನಮ್ಮ ಮಕ್ಕಳಿಗೂ ಬರಲಿ.