ಕೈಯಿಂದ ಒತ್ತಿದ ಉಸಿರು

1952ರ ಆಗಸ್ಟ್. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಇಡೀ ಊರನ್ನೇ ಹಿಡಿದಿತ್ತು. ಸಾಂಕ್ರಾಮಿಕ ರೋಗಗಳಿಗೆಂದೇ ಇದ್ದ ಬ್ಲೆಗ್‌ದಾಮ್ ಆಸ್ಪತ್ರೆಗೆ ಹಾವಳಿ ಜೋರಾದ ದಿನಗಳಲ್ಲಿ ದಿನಕ್ಕೆ ಐವತ್ತರಷ್ಟು ರೋಗಿಗಳು ಬಂದು ಸೇರುತ್ತಿದ್ದರು. ಹೆಚ್ಚಿನವರು ಮಕ್ಕಳು. ಉಸಿರಾಟಕ್ಕೆ ಆಸರೆಯಾಗಲು ಅಲ್ಲಿ ಇದ್ದದ್ದು ಒಂದು ಐರನ್ ಲಂಗ್, ಎದೆಗೆ ಕಟ್ಟುವ ಆರು ಕವಚಗಳು, ಅಷ್ಟೇ. ಮೊದಲ ಮೂರು ವಾರಗಳಲ್ಲಿ ಇವುಗಳ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ತೀರಿಕೊಂಡರು.

ಯಂತ್ರ ಸಾಲದೆ ಸತ್ತರು ಎನ್ನೋಣವೆಂದರೆ, ಯಂತ್ರ ಸಿಕ್ಕವರೂ ಉಳಿಯಲಿಲ್ಲವಲ್ಲ! ಐರನ್ ಲಂಗ್ ಎಂಬುದು ಕುತ್ತಿಗೆಯವರೆಗೆ ರೋಗಿಯನ್ನು ಒಳಗಿಟ್ಟು, ಸುತ್ತಲಿನ ಗಾಳಿಯನ್ನು ಎಳೆದು ಎದೆಯನ್ನು ಹಿಗ್ಗಿಸುವ ಪೆಟ್ಟಿಗೆ. ಎದೆಯ ಸ್ನಾಯುಗಳಷ್ಟೇ ಸೋತಿದ್ದರೆ ಅದು ಸಾಕು. ಆದರೆ ಈ ರೋಗಿಗಳಿಗೆ ನುಂಗುವ ಶಕ್ತಿಯೂ ಹೋಗಿತ್ತು. ಬಾಯಲ್ಲಿ ಊರಿದ ಜೊಲ್ಲು, ಕಫ ಎಲ್ಲ ಶ್ವಾಸನಾಳಕ್ಕೇ ಇಳಿಯುತ್ತಿತ್ತು. ಪೆಟ್ಟಿಗೆ ಎಷ್ಟು ಎಳೆದರೂ ಗಾಳಿ ಹೋಗುವ ದಾರಿಯೇ ಕಟ್ಟಿಕೊಂಡಿದ್ದರೆ ಏನು ಪ್ರಯೋಜನ?

ಆಸ್ಪತ್ರೆಯ ಮುಖ್ಯಸ್ಥ ಪ್ರೊಫೆಸರ್ ಲಾಸೆನ್ ಅವರಿಗೆ ಕೈಕಟ್ಟಿದಂತಾಗಿತ್ತು. ಆಗ ಅವರ ಸಹೋದ್ಯೋಗಿ ಬ್ಯೋರ್ನೆಬೊ ಒಂದು ಹೆಸರು ಹೇಳಿದರು: ಬ್ಯೋರ್ನ್ ಇಬ್ಸೆನ್. ಬೋಸ್ಟನ್ನಿನಲ್ಲಿ ತರಬೇತಿ ಪಡೆದು ಬಂದಿದ್ದ ಅರಿವಳಿಕೆ ವೈದ್ಯ. ಅದೇ ವರ್ಷ ಧನುರ್ವಾಯು ಹಿಡಿದಿದ್ದ ಒಂದು ಹಸುಗೂಸಿಗೆ ಇಬ್ಸೆನ್ ಕೈಯಿಂದ ಗಾಳಿಚೀಲ ಒತ್ತಿ ಉಸಿರು ಕೊಟ್ಟಿದ್ದನ್ನು ಬ್ಯೋರ್ನೆಬೊ ಕಂಡಿದ್ದರು. ಅರಿವಳಿಕೆಯವರ ಜಾಗ ಆಪರೇಷನ್ ಥಿಯೇಟರು. ವಾರ್ಡಿನಲ್ಲಿ ಅವರಿಗೇನು ಕೆಲಸ ಎನ್ನುತ್ತಿದ್ದ ಕಾಲ ಅದು. ಆದರೂ ಕರೆ ಹೋಯಿತು.

ಇಬ್ಸೆನ್ ಬಂದು ರೋಗಿಗಳ ರಕ್ತಪರೀಕ್ಷೆಯ ಲೆಕ್ಕ ನೋಡಿದರು. ಬೈಕಾರ್ಬೊನೇಟ್ ವಿಪರೀತ ಏರಿತ್ತು. ರಕ್ತ ಯಾಕೋ ಕ್ಷಾರೀಯವಾಗುತ್ತಿದೆ, ಇದು ಪೋಲಿಯೊದ್ದೇ ಒಂದು ವಿಚಿತ್ರ ಲಕ್ಷಣವಿರಬೇಕು ಎಂದು ಅಲ್ಲಿಯವರು ಅಂದುಕೊಂಡಿದ್ದರು. ಥಿಯೇಟರಿನಲ್ಲಿ ದಿನವೂ ಇನ್ನೊಬ್ಬರ ಉಸಿರನ್ನು ತನ್ನ ಕೈಯಲ್ಲಿ ಹಿಡಿದು ಕೂತವರಿಗೆ ಅದೇ ಅಂಕಿ ಬೇರೆಯೇ ಹೇಳಿತು: ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಒಳಗೇ ಕೂಡಿಬಿದ್ದಿದೆ, ದೇಹ ಅದಕ್ಕೆ ಬೈಕಾರ್ಬೊನೇಟ್ ಏರಿಸಿ ಸರಿದೂಗಿಸಲು ಹೆಣಗುತ್ತಿದೆ. ಅಂದರೆ ಈ ಜನ ಉಸಿರು ಸಾಲದೆ ಸಾಯುತ್ತಿದ್ದಾರೆ. ನನ್ನ ಮಟ್ಟಿಗೆ ನಿಜವಾದ ಆವಿಷ್ಕಾರ ನಡೆದದ್ದು ಈ ಗಳಿಗೆಯಲ್ಲಿ. ಉಳಿದದ್ದು ಅದರ ರುಜುವಾತು.

ರುಜುವಾತಿಗೆ ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳನ್ನು ಕೊಟ್ಟರು. ಕೈಕಾಲು ನಾಲ್ಕೂ ಬಿದ್ದುಹೋಗಿದ್ದವು. ಜ್ವರ ಸುಡುತ್ತಿತ್ತು, ಮೈ ನೀಲಿಗಟ್ಟಿತ್ತು, ತನ್ನ ಕಫದಲ್ಲೇ ಮುಳುಗುತ್ತಿದ್ದಳು. ಕುತ್ತಿಗೆಯಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ, ಸುತ್ತ ಉಬ್ಬಿ ಭದ್ರವಾಗಿ ಕೂರುವ ಕೊಳವೆಯೊಂದನ್ನು ಒಳಗಿಟ್ಟರು. ಕಫ ಎಳೆದು ತೆಗೆದು, ಚೀಲ ಒತ್ತಿದರೆ ಗಾಳಿಯೇ ಹೋಗದು! ಹುಡುಗಿ ಒದ್ದಾಡುತ್ತಿದ್ದಳು, ಶ್ವಾಸನಾಳಗಳು ಬಿಗಿದುಕೊಂಡಿದ್ದವು. ನೋಡಲು ನೆರೆದವರು ಇನ್ನು ಆಗುವುದಿಲ್ಲವೆಂದು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡತೊಡಗಿದರು. ಇಬ್ಸೆನ್ ಆಗ ಮಾಡಿದ್ದು ವಾರ್ಡಿನ ವೈದ್ಯರು ಕನಸಿನಲ್ಲೂ ಮಾಡದ ಕೆಲಸ: ಪೆಂಟೊಥಾಲ್ ಎಂಬ ಅರಿವಳಿಕೆ ಮದ್ದು ಕೊಟ್ಟು ಅವಳ ಸ್ವಂತ ಉಸಿರನ್ನೇ ನಿಲ್ಲಿಸಿದರು. ಮೈ ಸಡಿಲವಾಯಿತು. ಚೀಲ ಒತ್ತಿದಂತೆ ಎದೆ ಏರತೊಡಗಿತು. ಬಣ್ಣ ತಿರುಗಿತು. ಆಮೇಲೆ ಅವಳನ್ನು ಮತ್ತೆ ಎದೆಗವಚದ ಯಂತ್ರಕ್ಕೆ ಹಾಕಿ ನೋಡಿದರು; ಇಂಗಾಲದ ಡೈಆಕ್ಸೈಡ್ ಏರಿತು. ಚೀಲಕ್ಕೆ ತಂದರು, ಇಳಿಯಿತು. ವಾದಕ್ಕೆ ಇನ್ನೇನೂ ಉಳಿಯಲಿಲ್ಲ. ಹುಡುಗಿಯೂ ಉಳಿದಳು.

ಆದರೆ ಚೀಲ ಒತ್ತುವವರು ಯಾರು? ಒಮ್ಮೊಮ್ಮೆ ಎಪ್ಪತ್ತು ರೋಗಿಗಳಿಗೆ ಏಕಕಾಲಕ್ಕೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ ಒತ್ತಬೇಕಿತ್ತು. ಮೆಡಿಕಲ್ ವಿದ್ಯಾರ್ಥಿಗಳನ್ನು ಕರೆಸಿದರು. ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಾಸಿಗೆಯ ಪಕ್ಕ ಕೂತು ಒಟ್ಟು 1,65,000 ಗಂಟೆ ಚೀಲ ಒತ್ತಿದರು. ಇವತ್ತಿನ ಮಾನಿಟರುಗಳಿಲ್ಲ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು ರೋಗಿಯ ಮುಖದಿಂದಲೇ ಓದಬೇಕು. ಮಾತಾಡಲಾಗದ ಮಕ್ಕಳು ಕಣ್ಣಲ್ಲೇ ಇನ್ನಷ್ಟು ಗಾಳಿ ಕೇಳುತ್ತಿದ್ದರು. ಪ್ರಯೋಗಾಲಯದಲ್ಲಿ ಪೌಲ್ ಆಸ್ಟ್ರುಪ್ ರಕ್ತದ ಆಮ್ಲೀಯತೆ ಅಳೆದು ವಾರ್ಡಿಗೆ ಲೆಕ್ಕ ಕಳಿಸುತ್ತಿದ್ದರು. ಇಂದು ಐಸಿಯುಗಳಲ್ಲಿ ಮತ್ತೆ ಮತ್ತೆ ಮಾಡುವ, ರಕ್ತದ ಅನಿಲಗಳನ್ನು ಅಳೆಯುವ ‘ಎಬಿಜಿ’ ಪರೀಕ್ಷೆಯ ಬೇರು ಅಲ್ಲಿದೆ. ನೂರಕ್ಕೆ ಎಂಬತ್ತೇಳರಷ್ಟಿದ್ದ ಸಾವು ನಲವತ್ತರ ಆಸುಪಾಸಿಗೆ, ಮುಂದೆ ಇನ್ನೂ ಕೆಳಗೆ ಇಳಿಯಿತು. 1953ರಲ್ಲಿ ಇಬ್ಸೆನ್ ಅದೇ ಊರಿನ ನಗರಸಭೆ ಆಸ್ಪತ್ರೆಯಲ್ಲಿ ಇಂಥ ರೋಗಿಗಳಿಗೆಂದೇ ಪ್ರತ್ಯೇಕ ಘಟಕ ತೆರೆದರು. ಜಗತ್ತಿನ ಮೊದಲ ಐಸಿಯು ಎಂದು ಹೆಚ್ಚಿನವರು ಹೇಳುವುದು ಅದನ್ನೇ.

ವಿದ್ಯಾರ್ಥಿಗಳ ಕೈಗೆ ಬದಲಿಯಾಗಿ ಬೇಗನೆ ಯಂತ್ರ ಬಂತು. ಸ್ವೀಡನ್ನಿನ ಎಂಗ್‌ಸ್ಟ್ರೋಮ್ ಚೀಲ ಒತ್ತುವ ಕೆಲಸವನ್ನೇ ಮಾಡುವ ವೆಂಟಿಲೇಟರ್ ರೂಪಿಸಿದರು. ಕೈ ಹೋಯಿತು, ಎಷ್ಟು ಒತ್ತಬೇಕು ಎಂಬ ಪ್ರಶ್ನೆ ಹೋಗಲಿಲ್ಲ.

ಅದಕ್ಕೆ ಸಾಕ್ಷಿ ಅಮೆರಿಕದ ಡೆನ್ವರ್. ಅಲ್ಲಿ ಶಸ್ತ್ರವೈದ್ಯ ಆಶ್‌ಬಾ, ಶ್ವಾಸಕೋಶ ತಜ್ಞ ಥಾಮಸ್ ಪೆಟಿ ಮತ್ತು ಜೊತೆಗಾರರು ಹನ್ನೆರಡು ರೋಗಿಗಳನ್ನು ಕಂಡರು. ಒಬ್ಬರಿಗೆ ಅಪಘಾತ, ಇನ್ನೊಬ್ಬರಿಗೆ ನ್ಯುಮೋನಿಯಾ. ಮೂಲ ಬೇರೆಬೇರೆಯಾದರೂ ಶ್ವಾಸಕೋಶ ಮಾತ್ರ ಒಂದೇ ಥರ ಗಡುಸಾಗುತ್ತಿತ್ತು. ಒದ್ದೆ ಪ್ಲಾಸ್ಟಿಕ್ ಚೀಲದ ಮಗ್ಗುಲುಗಳಂತೆ ಗಾಳಿಗೂಡುಗಳು ಅಂಟಿಕೊಂಡು, ಆಮ್ಲಜನಕ ಎಷ್ಟು ಕೊಟ್ಟರೂ ರಕ್ತಕ್ಕೆ ಹೋಗದು. ಉಸಿರು ಬಿಟ್ಟ ಮೇಲೂ ಒಳಗೆ ತುಸು ಒತ್ತಡ ಉಳಿಯುವಂತೆ ವೆಂಟಿಲೇಟರನ್ನು ಹೊಂದಿಸಿದ ಐವರಲ್ಲಿ ಮೂವರು ಬದುಕಿದರು, ಉಳಿದ ಏಳು ಮಂದಿಯಲ್ಲಿ ಇಬ್ಬರು. ಸಣ್ಣ ಲೆಕ್ಕ ನಿಜ. ಬೇರೆ ಪತ್ರಿಕೆಗಳು ಬೇಡವೆಂದ ಆ ಲೇಖನ 1967ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಕೋವಿಡ್ ಕಾಲದಲ್ಲಿ ಹಲವರ ಕಿವಿಗೆ ಬಿದ್ದ ಎಆರ್‌ಡಿಎಸ್ ಎಂದರೆ ಅದರಲ್ಲಿ ವರ್ಣಿಸಿದ ಈ ಶ್ವಾಸಕೋಶದ ತೊಂದರೆಯೇ. ಮುಂದೆ 2000ನೇ ಇಸವಿಯಲ್ಲಿ, ಇಂಥ 861 ರೋಗಿಗಳ ಮೇಲಿನ ಅಧ್ಯಯನವೊಂದು ಒತ್ತುವ ಗಾಳಿಯನ್ನು ಅರ್ಧಕ್ಕಿಳಿಸಿದರೆ ಸಾವು ನೂರಕ್ಕೆ ಸುಮಾರು 40ರಿಂದ 31ಕ್ಕೆ ಇಳಿಯುತ್ತದೆ ಎಂದು ತೋರಿಸಿತು. ಯಂತ್ರ ಅದೇ, ತಿರುಪು ತಿರುಗಿಸುವ ತಿಳಿವಳಿಕೆ ಬೇರೆ.

ಈ ತಿಳಿವಳಿಕೆಯನ್ನು ಕಲಿಸುವುದಕ್ಕೇ ವೈದ್ಯರಿಗೆ ಫೆಲೋಶಿಪ್ ಎಂಬ ವಿಶೇಷ ತರಬೇತಿ ಹುಟ್ಟಿದ್ದು. ಬಾಲ್ಟಿಮೋರ್‌ನಲ್ಲಿ ಹಗಲಿರುಳೂ ವೈದ್ಯರಿರುವ ಐಸಿಯು ನಡೆಸಿದ ಪೀಟರ್ ಸಫರ್, 1960ರ ದಶಕದಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ವೈದ್ಯರಿಗೆ ಇದೇ ವಿದ್ಯೆಯ ತರಬೇತಿ ಶುರುಮಾಡಿದರು. ಅಮೆರಿಕದಲ್ಲಿ ಈಗ ಎದೆರೋಗ ಮತ್ತು ತೀವ್ರ ನಿಗಾ ಸೇರಿ ಮೂರು ವರ್ಷದ ಫೆಲೋಶಿಪ್. ಭಾರತದಲ್ಲಿ ತೀವ್ರ ನಿಗಾ ವೈದ್ಯರ ಸಂಘ ಹುಟ್ಟಿದ್ದು 1993ರಲ್ಲಿ. ಎಂಡಿ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಓದುವ ಡಿಎಂ ಇದೆ, ಅದಕ್ಕಿಂತ ಚಿಕ್ಕ ಕೋರ್ಸುಗಳೂ ಇವೆ. ಕೋವಿಡ್ ಬಂದಾಗ ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ವೆಂಟಿಲೇಟರುಗಳನ್ನು ಲಾರಿಯಲ್ಲಿ ತಂದಿಳಿಸಬಹುದಿತ್ತು, ಅವನ್ನು ನಡೆಸಬಲ್ಲವರನ್ನು ಹಾಗೆ ತಂದಿಳಿಸಲಾಗುತ್ತಿರಲಿಲ್ಲ.

ಆದ್ದರಿಂದ ನಿಮ್ಮವರು ಯಾರನ್ನಾದರೂ ಐಸಿಯುಗೆ ಸೇರಿಸುವ ಹೊತ್ತು ಬಂದರೆ, ವೆಂಟಿಲೇಟರ್ ಇದೆಯೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ರಾತ್ರಿ ಪಾಳಿಯಲ್ಲಿ ಅದರ ಪಕ್ಕ ಇರುವ ಡಾಕ್ಟರು ಯಾರು, ಈ ಕೆಲಸದಲ್ಲಿ ಅವರು ಎಲ್ಲಿ ತರಬೇತಿ ಪಡೆದಿದ್ದಾರೆ ಎಂದೂ ಕೇಳಿ.