ಆಕಾಶದಲ್ಲಿ ಇಂಧನ ಪಡೆಯುವ ಸೇನಾ ವಿಮಾನಗಳು ಮತ್ತು ಘರ್ಷಣೆಯ ಅಪಾಯ: ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಮುಂಡಗೋಡ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಸೇನಾ ವಿಮಾನ ನೆಲೆ ಇರುವುದಿಲ್ಲ. ಆದಾಗ್ಯೂ ಜೋಯಿಡಾಕ್ಕೆ ಹೊಂದಿಕೊಂಡಿರುವ ಗೋವಾ ರಾಜ್ಯದ ದಾಬೋಳಿಯಲ್ಲಿ ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯೂ, ಬೆಳಗಾವಿ ಸಮೀಪದ ಸಾಂಬ್ರಾದಲ್ಲಿ ವಾಯುಪಡೆಯ ಕೇಂದ್ರವೂ ಇವೆ. ಹಂಸ ನೆಲೆಯ ಮಿಗ್-29ಕೆ ಯುದ್ಧವಿಮಾನಗಳು ಹಾರಾಟದಲ್ಲಿಯೇ ಇಂಧನ ಪಡೆಯುವ ಸೌಲಭ್ಯ ಹೊಂದಿರುತ್ತವೆ. ಆದ ಕಾರಣ ಈ ವಿಷಯವನ್ನು ಸಾರ್ವಜನಿಕರು ತಿಳಿದಿರುವುದು ಸೂಕ್ತ.

ಸಾಮಾನ್ಯ ಹಾರಾಟದಲ್ಲಿ ವಿಮಾನಗಳ ನಡುವೆ ಅಂತರ ಕಾಯ್ದುಕೊಳ್ಳುವುದೇ ಸುರಕ್ಷತೆಯ ಮೂಲ ನಿಯಮ. ಇಂಧನ ತುಂಬುವಾಗ ಈ ನಿಯಮವನ್ನು ಬೇಕೆಂದೇ ಬದಿಗಿಡಬೇಕಾಗುತ್ತದೆ. ಟ್ಯಾಂಕರ್ ವಿಮಾನವು ಉದ್ದನೆಯ ಕೊಳವೆಯನ್ನು ಹಿಂದಕ್ಕೆ ಬಿಡುತ್ತದೆ. ಅದರ ತುದಿಯಲ್ಲಿ ಬುಟ್ಟಿಯಾಕಾರದ ಸಾಧನವಿರುತ್ತದೆ. ಹಿಂದಿನಿಂದ ಬರುವ ವಿಮಾನವು ತನ್ನ ಮುಂಭಾಗದ ನಳಿಕೆಯನ್ನು ಆ ಬುಟ್ಟಿಯೊಳಗೆ ಸೇರಿಸಬೇಕು. ಭಾರತೀಯ ವಾಯುಪಡೆಗೆ 2003ರಲ್ಲಿ ಸೇರಿದ, ಆಗ್ರಾ ನೆಲೆಯ ಇಲ್ಯೂಷಿನ್-78 ಟ್ಯಾಂಕರ್‌ಗಳು ಇದೇ ವಿಧಾನವನ್ನು ಬಳಸುತ್ತವೆ. ಎರಡೂ ವಿಮಾನಗಳು ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿದ್ದರೂ ಅವುಗಳ ನಡುವಿನ ವೇಗದ ವ್ಯತ್ಯಾಸ ಮನುಷ್ಯನ ನಡಿಗೆಯಷ್ಟೇ ಇರಬೇಕಾಗುತ್ತದೆ. ಸ್ವಲ್ಪ ಹೆಚ್ಚಿದರೂ ಹಿಂದಿನ ವಿಮಾನ ಮುಂದಿನದರ ಅಡಿಗೆ ನುಗ್ಗಬಹುದು. ಟ್ಯಾಂಕರ್‌ನ ಹಿಂದಿನ ಗಾಳಿಯ ಸುಳಿ, ಮೋಡ, ರಾತ್ರಿಯ ಕತ್ತಲೆ ಮತ್ತು ಪೈಲಟ್‌ನ ದಣಿವು ಅಪಾಯವನ್ನು ಹೆಚ್ಚಿಸುತ್ತವೆ.

1966ರ ಜನವರಿ 17ರಂದು ಸ್ಪೇನ್ ದೇಶದ ಪಾಲೊಮಾರೆಸ್ ಗ್ರಾಮದ ಮೇಲೆ ಅಮೆರಿಕದ ಬಿ-52 ಬಾಂಬರ್ ಹೀಗೆಯೇ ತನ್ನ ಟ್ಯಾಂಕರ್‌ಗೆ ಡಿಕ್ಕಿ ಹೊಡೆಯಿತು. ಏಳು ಸಿಬ್ಬಂದಿ ಮೃತಪಟ್ಟರು. ನಾಲ್ಕು ಜಲಜನಕ ಬಾಂಬುಗಳು ಕೆಳಗೆ ಬಿದ್ದವು. ಅಣು ಸ್ಫೋಟ ಸಂಭವಿಸದಿದ್ದರೂ ಎರಡು ಬಾಂಬುಗಳಿಂದ ಪ್ಲುಟೋನಿಯಂ ಹೊಲಗಳಲ್ಲಿ ಹರಡಿತು. 2018ರ ಡಿಸೆಂಬರ್‌ನಲ್ಲಿ ಜಪಾನ್ ಕರಾವಳಿಯಾಚೆ ಅಮೆರಿಕದ ಯುದ್ಧವಿಮಾನ ಮತ್ತು ಟ್ಯಾಂಕರ್ ಘರ್ಷಿಸಿ ಆರು ಮಂದಿ ಮೃತಪಟ್ಟರು.

ನಮ್ಮ ಸಮೀಪದ ಘಟನೆಗಳು ಇಂಧನ ತುಂಬುವಾಗ ನಡೆದವುಗಳಲ್ಲ. ಆದರೂ ವಿಮಾನಗಳು ಪರಸ್ಪರ ಹತ್ತಿರ ಹಾರುವಾಗಿನ ಅಪಾಯ ಅದೇ. 2002ರ ಅಕ್ಟೋಬರ್ 1ರಂದು ದಾಬೋಳಿಯಲ್ಲಿ ನೌಕಾಪಡೆಯ ಎರಡು ಇಲ್ಯೂಷಿನ್-38 ವಿಮಾನಗಳು ಜೊತೆಯಾಗಿ ಹಾರುತ್ತಿದ್ದಾಗ ಘರ್ಷಿಸಿ, ಅವುಗಳಲ್ಲಿದ್ದ 12 ಮಂದಿಯೂ, ನೆಲದ ಮೇಲಿದ್ದ ಕಾರ್ಮಿಕರೂ ಮೃತಪಟ್ಟರು. 2019ರ ಫೆಬ್ರವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮೃತಪಟ್ಟರು. 2023ರ ಜನವರಿ 28ರ ಸುಖೋಯ್-ಮಿರಾಜ್ ದುರಂತದಲ್ಲಿ ಬೆಳಗಾವಿಯ ವಿಂಗ್ ಕಮಾಂಡರ್ ಹನುಮಂತರಾವ್ ಸಾರಥಿ ಮೃತಪಟ್ಟರು. ಆ ದುರಂತದ ಅವಶೇಷಗಳು ಮಧ್ಯಪ್ರದೇಶದ ಮೊರೆನಾ ಮತ್ತು ರಾಜಸ್ಥಾನದ ಭರತ್‌ಪುರ, ಹೀಗೆ ಎರಡು ರಾಜ್ಯಗಳ ಜಿಲ್ಲೆಗಳಲ್ಲಿ ದೊರೆತವು. ಅಂದರೆ ಡಿಕ್ಕಿಯ ಶಬ್ದ ಕೇಳದ ಊರಿನಲ್ಲಿಯೂ ಅವಶೇಷ ಬೀಳಬಹುದು.

ಅವಶೇಷ ಕಂಡುಬಂದಲ್ಲಿ

ಕೂಡಲೇ 112ಕ್ಕೆ ಕರೆ ಮಾಡತಕ್ಕದ್ದು. ಜೋಯಿಡಾ ಮತ್ತು ದಾಂಡೇಲಿಯ ಅರಣ್ಯ ಭಾಗಗಳಲ್ಲಿ ಮೊಬೈಲ್ ಸಂಪರ್ಕ ದೊರೆಯದಿದ್ದಲ್ಲಿ ಸಮೀಪದ ಅರಣ್ಯ ಸಿಬ್ಬಂದಿಗೆ ತಿಳಿಸಬಹುದು. ಅವಶೇಷವು ಸರ್ಕಾರದ ಸ್ವತ್ತು ಹಾಗೂ ತನಿಖೆಯ ಸಾಕ್ಷ್ಯವಾಗಿರುವುದರಿಂದ ಅದನ್ನು ಮನೆಗೆ ಒಯ್ಯುವುದಾಗಲಿ, ಗುಜರಿಗೆ ಮಾರುವುದಾಗಲಿ ಸಲ್ಲದು. ಸುಟ್ಟ ಭಾಗಗಳ ನಾರಿನ ಧೂಳು ಶ್ವಾಸಕ್ಕೆ ಹಾನಿಕರ. ಪೈಲಟ್ ಹೊರಚಿಮ್ಮುವ ಆಸನದಲ್ಲಿ ಸಿಡಿಯದ ಮದ್ದು ಉಳಿದಿರಬಹುದಾದ್ದರಿಂದ ಅದರ ಹಿಡಿಕೆಯನ್ನು ಯಾವ ಕಾರಣಕ್ಕೂ ಮುಟ್ಟಬಾರದು. ಪ್ಯಾರಾಚೂಟ್‌ನಲ್ಲಿ ಇಳಿದ ಪೈಲಟ್‌ಗೆ ಬೆನ್ನುಮೂಳೆಯ ಪೆಟ್ಟಾಗಿರುವ ಸಂಭವವಿರುತ್ತದೆ. ಬೆಂಕಿಯ ಅಪಾಯವಿಲ್ಲದಿದ್ದಲ್ಲಿ ವೈದ್ಯಕೀಯ ನೆರವು ಬರುವವರೆಗೆ ಅವರನ್ನು ಎತ್ತಿ ಕೂರಿಸಬಾರದು.

ಹಾನಿಯಾದಲ್ಲಿ

ಮನೆ, ಬೆಳೆ ಅಥವಾ ಜಾನುವಾರಿಗೆ ಹಾನಿಯಾದವರು ಪೊಲೀಸ್ ಠಾಣೆಗೆ ಲಿಖಿತ ದೂರು ನೀಡಿ, ಗ್ರಾಮ ಆಡಳಿತಾಧಿಕಾರಿಗಳ ಮೂಲಕ ತಹಶೀಲ್ದಾರರಿಗೂ ತಿಳಿಸುವುದು ಸೂಕ್ತ. ಸ್ಥಳ ಮಹಜರು ಆಗುವ ಮೊದಲು ಸ್ಥಳವನ್ನು ಸ್ವಚ್ಛಗೊಳಿಸಬಾರದು. ಅನೇಕ ಅರ್ಜಿಗಳು ದುರ್ಬಲವಾಗುವುದು ಇಲ್ಲಿಯೇ. ಪಹಣಿಯ ಪ್ರತಿ, ಛಾಯಾಚಿತ್ರ, ಜಾನುವಾರು ಸತ್ತಿದ್ದಲ್ಲಿ ಪಶುವೈದ್ಯರ ಮರಣೋತ್ತರ ವರದಿ ಮತ್ತು ಗಾಯಗೊಂಡಿದ್ದಲ್ಲಿ ಆಸ್ಪತ್ರೆಯ ಪ್ರಮಾಣಪತ್ರವನ್ನು ಇಟ್ಟುಕೊಳ್ಳತಕ್ಕದ್ದು. ಈ ತಾಲ್ಲೂಕುಗಳಲ್ಲಿ ಪಹಣಿಯಿಲ್ಲದೆ ಸಾಗುವಳಿ ಮಾಡುತ್ತಿರುವ ಕುಟುಂಬಗಳಿವೆ. ಅಂತಹವರು ಬೆಳೆಯ ವಿವರವನ್ನೂ, ವಾಸ್ತವವಾಗಿ ಸಾಗುವಳಿ ಮಾಡುತ್ತಿರುವವರ ಹೆಸರನ್ನೂ ಮಹಜರಿನಲ್ಲಿ ದಾಖಲಿಸುವಂತೆ ಕೋರಿ, ಅದರ ಒಂದು ಪ್ರತಿಯನ್ನು ಕೇಳಿ ಪಡೆಯುವುದು ಒಳಿತು.