ಗುಡ್ಡಕ್ಕ ಹೊಂಟವರಿಗೆ, ಕಬ್ಬಿನ ಗ್ಯಾಂಗಿನವರಿಗೆ: ಮೂರು ಡಬ್ಬಿಯಲ್ಲಿ ಚಹಾದ ಒಲಿ, ಖರ್ಚು ಇನ್ನೂರರ ಒಳಗ

ಸವದತ್ತಿ: ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆ ಮುಗಿಯುವವರೆಗೆ ಯಲ್ಲಮ್ಮನ ಗುಡ್ಡದ ದಾರಿ ಖಾಲಿ ಇರೋದಿಲ್ಲ. ಬೈಲಹೊಂಗಲ ಕಡೆಯಿಂದ, ರಾಮದುರ್ಗ ಕಡೆಯಿಂದ, ಧಾರವಾಡ ಕಡೆಯಿಂದ ಚಕ್ಕಡಿ, ಟ್ರ್ಯಾಕ್ಟರ್ ಟ್ರೇಲರ್, ಕಾಲ್ನಡಿಗೆ ಎಲ್ಲವೂ ಒಂದೇ ಕಡೆ ಮುಖ ಮಾಡಿರುತ್ತವೆ. ಅದೇ ಹೊತ್ತಿಗೆ ಕಬ್ಬು ಕಡಿಯುವ ಗ್ಯಾಂಗುಗಳು ಹೊಲದ ಬದುವಿನಲ್ಲಿ ಜೋಪಡಿ ಹಾಕಿರುತ್ತವೆ. ಈ ಇಬ್ಬರಿಗೂ ಬೆಳಗಿನ ಜಾವ ಬೇಕಾಗೋದು ಒಂದೇ: ಬಿಸಿ ಚಹಾ.

ರಸ್ತೆ ಬದಿ ಅಂಗಡಿ ಇದ್ದರೆ ಸರಿ. ಇಲ್ಲದಿದ್ದರೆ ಮೂರು ಕಲ್ಲು ಹುಡುಕಬೇಕು, ಗಾಳಿಗೆ ಬೆನ್ನು ಕೊಟ್ಟು ಊದುತ್ತ ಕೂಡ್ರಬೇಕು. ಹತ್ತು ಮಂದಿಯ ಕುಟುಂಬ ದಿನಕ್ಕೆ ಎರಡು ಸಲ ಹೊರಗ ಚಹಾ ಕುಡಿದರೆ ಇಪ್ಪತ್ತು ಕಪ್ಪು. ಮೂರು ದಿನಕ್ಕೆ ಅರವತ್ತು. ಕಪ್ಪಿಗೆ ಹತ್ತು ರೂಪಾಯಿ ಹಿಡಿದರೂ ಆರುನೂರು ಆಯಿತು. ಗ್ಯಾಂಗಿನವರ ಲೆಕ್ಕ ತಿಂಗಳುಗಟ್ಟಲೆ ನಡೆಯುತ್ತದೆ, ಅದು ಬೇರೆ.

ಕೆಲವರು 5 ಕಿಲೋದ ಸಣ್ಣ ಗ್ಯಾಸ್ ಒಯ್ಯುತ್ತಾರೆ. ಟ್ರೇಲರಿನಲ್ಲಿ ಹೋಗುವವರಿಗೆ ಅದು ಆದೀತು, ನಡೆಯುವವರಿಗೆ ಆಗದ ಮಾತು. ಸಿಲಿಂಡರಿನ ಸ್ವಂತ ಭಾರ ಸೇರಿದರೆ ಹತ್ತು ಕಿಲೋ ದಾಟುತ್ತದೆ. ಇಲ್ಲಿ ಹೇಳಹೊರಟಿರುವ ಸಾಮಾನು ಬೋಗಾಣಿ ಸೇರಿ ಒಂದು ಕಿಲೋ ಆಸುಪಾಸು ಬರುತ್ತದೆ, ಒಂದು ಕೈಚೀಲದಾಗ ಹಿಡಿಸುತ್ತದೆ.

ಕಟಗಿ ಎಲ್ಲಿ ಹಾಳಾಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ ನೋಡ್ರಿ. ಒಂದು ಲೀಟರ್ ನೀರು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ಬರಲು ಸುಮಾರು 315 ಕಿಲೋಜೂಲ್ ಶಾಖ ಬೇಕು. ಒಂದು ಕಿಲೋ ಒಣ ಕಟಗಿಯೊಳಗೆ 15 ಸಾವಿರ ಕಿಲೋಜೂಲಿನಷ್ಟು ಶಾಖ ಇರುತ್ತದೆ. ಅಂದರೆ ಲೆಕ್ಕದ ಪ್ರಕಾರ 20 ಗ್ರಾಂ ಕಟಗಿ, ಒಂದು ಹಿಡಿ ಕಡ್ಡಿ, ಸಾಕು.

ಬಯಲಿನ ಮೂರು ಕಲ್ಲಿನ ಒಲಿಯಲ್ಲಿ ಹತ್ತರಲ್ಲಿ ಒಂದು ಪಾಲು ಶಾಖ ಬೋಗಾಣಿಗೆ ಮುಟ್ಟಿದರೆ ದೊಡ್ಡದು. ಉಳಿದದ್ದು ಗಾಳಿಗೆ, ಕಲ್ಲಿಗೆ, ನೆಲಕ್ಕೆ, ನಿಮ್ಮ ಕಣ್ಣಿಗೆ. ಹೀಗಾಗಿ 20 ಗ್ರಾಂ ಹೋಗಿ 200 ಗ್ರಾಂ ಆಗುತ್ತದೆ, ಗಾಳಿ ಜೋರಿದ್ದರೆ ಅರ್ಧ ಕಿಲೋ ಸುಟ್ಟರೂ ನೀರು ಬರೀ ಸುರ್ ಅನ್ನುತ್ತಿರುತ್ತದೆ. ಗುಡ್ಡದ ಮೇಲೆ ಗಾಳಿಗೆ ತಡೆಯೇ ಇಲ್ಲ ಅನ್ನೋದು ಹೋದವರಿಗೆಲ್ಲ ಗೊತ್ತು.

ಇನ್ನೊಂದು ನಷ್ಟ ಹೊಗೆಯದ್ದು. ಹೊಗೆ ಅಂದರೆ ಕಸವಲ್ಲ, ಅದು ಸುಡದೇ ಉಳಿದ ಉರುವಲು. ಕಟಗಿ ಕಾದಾಗ ಅದರಿಂದ ಅನಿಲ ಹೊರಡುತ್ತದೆ. ಅದಕ್ಕೆ ಸರಿಯಾದ ಜಾಗದಲ್ಲಿ ಬಿಸಿ ಗಾಳಿ ಸಿಕ್ಕರೆ ಅದೇ ಜ್ವಾಲೆಯಾಗುತ್ತದೆ, ಸಿಗದಿದ್ದರೆ ಕಣ್ಣುರಿ. ಎರಡು ಡಬ್ಬಿಯ ಒಲಿ ಮಾಡುವ ಕೆಲಸ ಇಷ್ಟೇ: ಹೊಗೆಗೆ ಎರಡನೇ ಸಲ ಗಾಳಿ ಕೊಡೋದು.

ಇದು ಯಾರದೋ ಯೂಟ್ಯೂಬ್ ಆಟ ಅಂದುಕೊಳ್ಳಬೇಡ್ರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರು ಶುರು ಮಾಡಿದ ‘ಅಸ್ತ್ರ’ ಕೇಂದ್ರ ಹಳ್ಳಿಯ ಒಲೆಯ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿತು. ಹೊಗೆ ಕೊಳವೆಯ ‘ಅಸ್ತ್ರ ಒಲೆ’ ಬಂದದ್ದು ಅಲ್ಲಿಂದಲೇ. ಅದು ಅಡುಗೆಮನೆಯ ಮಣ್ಣಿನ ಒಲೆ, ಹೊತ್ತು ಒಯ್ಯುವಂಥದ್ದಲ್ಲ. ಮುಂದೆ ಅದೇ ಸಂಸ್ಥೆಯ ಇನ್ನೊಂದು ಪ್ರಯೋಗಾಲಯ ಸಣ್ಣ ಫ್ಯಾನ್ ಇಟ್ಟು ಹೊಗೆಯನ್ನೇ ಸುಡುವ ‘ಊರ್ಜಾ’ ಒಲೆಗೆ ವಿನ್ಯಾಸ ಕೊಟ್ಟಿತು. ನಮ್ಮ ಡಬ್ಬಿ ಒಲಿಗೆ ಫ್ಯಾನ್ ಇಲ್ಲ, ಆದರೆ ತತ್ವ ಅದೇ.

ಮಾಡೋದು ಹೆಂಗ?

ಗುಜರಿ ಅಂಗಡಿಗೆ ಹೋಗ್ರಿ. ಬೇಕಾಗೋದು ಮೂರು ತಗಡಿನ ಡಬ್ಬಿ. ಒಂದು, ನಾಲ್ಕು ಲೀಟರಿನ ಬಣ್ಣದ ಡಬ್ಬಿ (ಈಗ ಹೆಚ್ಚಿನವು ಪ್ಲಾಸ್ಟಿಕ್ ಬರುತ್ತವೆ, ತಗಡಿನದೇ ಆರಿಸ್ರಿ). ಎರಡು, ಒಂದು ಕಿಲೋ ತುಪ್ಪದ್ದೋ ಹಾಲಿನ ಪುಡಿಯದ್ದೋ ಡಬ್ಬಿ. ಇದು ಮೊದಲನೆಯದಕ್ಕಿಂತ ಒಂದಿಂಚಾದರೂ ಗಿಡ್ಡ ಇರಬೇಕು. ಮೂರನೆಯದು ಎರಡನೆಯದರಷ್ಟೇ ಅಗಲದ್ದು, ಇಲ್ಲವೇ ಸ್ವಲ್ಪ ದೊಡ್ಡದು. ಸತುವಿನ ಲೇಪ ಇರುವ ಬಕೆಟ್, ಶೀಟು ಬೇಡ. ಕಾದಾಗ ಸತುವಿನ ಹೊಗೆ ಎದೆಗೆ ಒಳ್ಳೇದಲ್ಲ.

ಒಳಗಿನ ಡಬ್ಬಿಯ ತಳಕ್ಕೆ ಎರಡಿಂಚಿನ ಮೊಳೆಯಿಂದ 25–30 ತೂತು ಹೊಡೀರಿ. ಬಾಯಿಯಿಂದ ಒಂದಿಂಚು ಕೆಳಗೆ ಸುತ್ತಲೂ 14–16 ತೂತು, ಇವು ಸ್ವಲ್ಪ ದೊಡ್ಡವು, ಪೆನ್ಸಿಲ್ ಹೋಗುವಷ್ಟು. ಡಬ್ಬಿಯೊಳಗೆ ಒಂದು ಕಟಗಿ ತುಂಡು ಆಸರೆ ಕೊಟ್ಟು ಹೊಡೆದರೆ ತಗಡು ಒಳಗೆ ಕುಸಿಯುವುದಿಲ್ಲ.

ದೊಡ್ಡ ಡಬ್ಬಿಯನ್ನು ಬೋರಲು ಹಾಕ್ರಿ. ಈಗ ಅದರ ತಳವೇ ಮೇಲಾಯಿತು. ಅಲ್ಲಿ ಒಳಗಿನ ಡಬ್ಬಿ ಇಟ್ಟು ಮೊಳೆಯಿಂದ ಗೆರೆ ಎಳೆದು, ಗೆರೆಗಿಂತ ಒಂದು ನೂಲು ಒಳಗೇ ಕತ್ತರಿಸ್ರಿ. ಡಬ್ಬಿ ಬಿಗಿಯಾಗಿ ಇಳಿದು ಅದರ ಕಂಠ ಮಾತ್ರ ಮೇಲೆ ಸಿಕ್ಕಿಕೊಳ್ಳಬೇಕು. ಸಡಿಲಾದರೆ ಗಾಳಿ ಅಲ್ಲೇ ಸೋರಿ ಹೋಗುತ್ತದೆ, ಒಲಿ ಹೊಗೆ ಬಿಡುತ್ತದೆ. ಇಡೀ ಕೆಲಸದಾಗ ನಾಜೂಕು ಬೇಕಾಗಿರೋದು ಇದೊಂದೇ ಕಡೆ. ತಗಡಿನ ಕತ್ತರಿ ಮನೆಯಲ್ಲಿ ಇಲ್ಲದಿದ್ದರೆ ಪೇಟೆಯ ತಗಡಿನ ಕೆಲಸದವರ ಕೈಯಲ್ಲಿ ಕೊಡ್ರಿ, ಐವತ್ತು ರೂಪಾಯಿಯ ಒಳಗ ಆಗುವ ಕೆಲಸ. ನೆಲಕ್ಕೆ ಹತ್ತುವ ಬದಿಯಲ್ಲಿ ಸುತ್ತಲೂ ಹತ್ತು-ಹನ್ನೆರಡು ಬೆರಳಗಾತ್ರದ ತೂತು ಮಾಡ್ರಿ, ಗಾಳಿ ಒಳಬರುವ ಬಾಗಿಲು ಅದೇ.

ಮೂರನೇ ಡಬ್ಬಿಯಿಂದ ಎರಡಿಂಚು ಎತ್ತರದ ಬಳೆ ಕತ್ತರಿಸ್ರಿ. ಸುತ್ತ ತೂತು, ಒಂದು ಬದಿಗೆ ಮೂರು ಬೆರಳಗಲದ ಬಾಯಿ. ಇದನ್ನು ಒಲಿಯ ಮೇಲಿಟ್ಟು ಇದರ ಮೇಲೆ ಬೋಗಾಣಿ. ಬೋಗಾಣಿ ಒಲಿಯ ಬಾಯಿಗೇ ಕೂತರೆ ಉಸಿರು ಕಟ್ಟಿ ಬೆಂಕಿ ಸಾಯುತ್ತದೆ, ಅದಕ್ಕೇ ಈ ಬಳೆ. ಕಡ್ಡಿ ಹಾಕಲು ಬಾಯಿಯೂ ಆಯಿತು, ಗಾಳಿಗೆ ಮರೆಯೂ ಆಯಿತು. ತಗಡಿನ ಅಂಚು ಬ್ಲೇಡಿನಂಗ ಇರುತ್ತದೆ, ಇಕ್ಕಳದಿಂದ ಮಡಚದೆ ಮಕ್ಕಳ ಕೈಗೆ ಕೊಡಬೇಡ್ರಿ.

ಮೊದಲ ಸಲ ಬರೀ ಒಲಿಯನ್ನು ಬಯಲಿನಲ್ಲಿ ಅರ್ಧ ತಾಸು ಉರಿಸ್ರಿ. ಬಣ್ಣ, ವಾರ್ನಿಷ್ ಎಲ್ಲ ಸುಟ್ಟುಹೋಗಲಿ, ಆ ಹೊಗೆಯಿಂದ ದೂರ ನಿಲ್ಲ್ರಿ. ಚಹಾ ಎರಡನೇ ಸಲಕ್ಕೆ.

ಹೊತ್ತಿಸೋದು ಮ್ಯಾಲಿಂದ

ಇದು ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಒಳಗಿನ ಡಬ್ಬಿಗೆ ಗೇಣಿಗಿಂತ ಗಿಡ್ಡ ಕಡ್ಡಿಗಳನ್ನು ಮೇಲಿನ ತೂತಿನ ಕೆಳಗಿನವರೆಗೆ ತುಂಬಿ, ಮೇಲೆ ಒಣ ರವದಿ ಇಲ್ಲವೇ ಕಾಗದ ಇಟ್ಟು ಅಲ್ಲಿಂದ ಹೊತ್ತಿಸಬೇಕು. ಬೆಂಕಿ ನಿಧಾನಕ್ಕೆ ಕೆಳಗಿಳಿಯುತ್ತದೆ. ಎರಡು ಗೋಡೆಯ ನಡುವೆ ಏರಿ ಬಂದ ಬಿಸಿ ಗಾಳಿ ಮೇಲಿನ ತೂತಿನಿಂದ ಒಳಗೆ ನುಗ್ಗಿ ಹೊಗೆಯನ್ನು ಸುಡುತ್ತದೆ. ಎರಡು-ಮೂರು ನಿಮಿಷದಾಗ ತೂತುಗಳ ಹತ್ತಿರ ಗ್ಯಾಸ್ ಒಲಿಯಂಥ ನಾಲಿಗೆಗಳು ಕಾಣಿಸಿದರೆ ನಿಮ್ಮ ಕೆಲಸ ಸರಿಯಾಗಿದೆ ಅಂತ ಅರ್ಥ.

ಉರುವಲಿಗೆ ನಮ್ಮ ಕಡೆ ಬರವಿಲ್ಲ. ಎರಿ ಹೊಲದ ಹತ್ತಿ ಕಟಗಿ ಎಲ್ಲಕ್ಕಿಂತ ಚಲೋ, ತೊಗರಿ ಕಟಗಿ ಅದರ ನಂತರ. ಕಾಳು ಸುಲಿದ ಗೋವಿನಜೋಳದ ತೆನಿ ಮುರಿದು ಹಾಕಿದರೆ ನಿಧಾನ ಉರಿಯುತ್ತದೆ. ಜಾಲಿ ಕಟಗಿ ಕೆಂಡ ಚಲೋ ಕೊಡುತ್ತದೆ, ಆದರೆ ಹೆಬ್ಬೆರಳಿಗಿಂತ ದಪ್ಪ ಇರಬಾರದು. ಕುಳ್ಳು ಈ ಒಲಿಗೆ ಅಲ್ಲ, ಬೂದಿಯೇ ತೂತು ಮುಚ್ಚುತ್ತದೆ. ದಾರಿ ಬದಿಯ ಕಣಗಿಲ ಕಡ್ಡಿಯನ್ನು ಎಷ್ಟೇ ಒಣಗಿದ್ದರೂ ಮುಟ್ಟಬೇಡ್ರಿ, ಅದರ ಹೊಗೆಯೂ ವಿಷ. ಮನೆಯಿಂದಲೇ ಒಂದು ಚೀಲ ಮುರಿದ ಕಡ್ಡಿ ಕಟ್ಟಿಕೊಂಡು ಹೊರಟರೆ ಇಬ್ಬನಿ ಬಿದ್ದ ಬೆಳಗಿನಲ್ಲಿ ಪರದಾಟ ಇಲ್ಲ.

ಹಿತ್ತಲದಾಗ ಹತ್ತಿ ಕಟಗಿ ಹಾಕಿ ನೋಡಿದಾಗ ಲೀಟರ್ ನೀರಿಗೆ ಒಂದು ದೊಡ್ಡ ಹಿಡಿಗಿಂತ ಸ್ವಲ್ಪ ಹೆಚ್ಚು ಕಡ್ಡಿ ಹೋಯಿತು, ಹದಿನೈದು ನಿಮಿಷದ ಒಳಗ ಕುದಿ ಬಂತು. ಬೋಗಾಣಿಯ ಮೇಲೆ ತಾಟು ಮುಚ್ಚಿದ್ದೆ. ಮುಚ್ಚದಿದ್ದರೆ ಹೊತ್ತು ಹೆಚ್ಚು.

ಬೋಗಾಣಿ ಜರ್ಮನ್‌ದೇ ಇರಲಿ, ಹಗುರ, ಬೇಗ ಕಾಯುತ್ತದೆ. ಹೊರಗೆ ತೆಳ್ಳಗೆ ಪಾತ್ರೆ ಸೋಪು ಸವರಿ ಒಲಿಗೆ ಇಟ್ಟರೆ ಮಸಿ ತಿಕ್ಕುವ ಕೆಲಸ ಅರ್ಧ ಉಳಿಯುತ್ತದೆ.

ಚಹಾದ ಪೊಟ್ಟಣ

ನಾಲ್ಕು ಮಂದಿಗೆ ಲೀಟರ್ ಹಿಡಿಸುವ ಬೋಗಾಣಿ ಸಾಕು. ನಾಲ್ಕು ಚಮಚ ಚಹಾಪುಡಿ, ಜಜ್ಜಿದ ಒಣ ಶುಂಠಿ ಚೂರು ಒಂದು ಪೊಟ್ಟಣ. ಹಾಲಿನ ಪುಡಿ ಐದಾರು ಚಮಚ ಇನ್ನೊಂದು. ಬೆಲ್ಲ ಬೇರೆ. ಮನೆಯಲ್ಲೇ ಹೊತ್ತಿಗೊಂದರಂತೆ ಕಟ್ಟಿಟ್ಟರೆ ಕತ್ತಲದಾಗ ಡಬ್ಬಿ ಹುಡುಕೋದು ತಪ್ಪುತ್ತದೆ. ಹಾಲಿನ ಪುಡಿಯನ್ನು ಕುದಿಯುವ ನೀರಿಗೆ ನೇರ ಸುರಿದರೆ ಗಂಟಾಗುತ್ತದೆ, ತಣ್ಣೀರಿನಲ್ಲಿ ಕಲಸಿ ಹಾಕ್ರಿ. ಬೆಲ್ಲವನ್ನು ಬೋಗಾಣಿ ಇಳಿಸಿದ ಮೇಲೆಯೇ ಹಾಕಬೇಕು. ಹಾಲಿನ ಜೊತೆ ಕುದ್ದರೆ ಬೆಲ್ಲದ ಹುಳಿಗೆ ಚಹಾ ಒಡೆಯುತ್ತದೆ. ಹಾಲು ಬೇಡದವರಿಗೆ ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಶುಂಠಿಯ ಕಷಾಯ ಪುಡಿ ಇನ್ನೂ ಸಲೀಸು.

ಹೊಳಿ, ಕೆರಿ, ಟ್ಯಾಂಕರ್ ನೀರು ಯಾವುದೇ ಇರಲಿ, ಚಹಾಪುಡಿ ಹಾಕುವ ಮುಂಚೆ ಗುಳುಗುಳು ಅಂತ ಒಂದು ಪೂರ್ತಿ ನಿಮಿಷ ಕುದಿಯಲಿ. ಜಾತ್ರೆಯಲ್ಲಿ ವಾಂತಿ-ಭೇದಿಗೆ ಕಾರಣ ಹೆಚ್ಚಾಗಿ ನೀರೇ. ಉಳಿದ ಚಹಾ ಬಿಸಿ ಇರಬೇಕಂದರೆ ಮುಚ್ಚಿದ ಬೋಗಾಣಿಯನ್ನು ಒಲಿಯಿಂದ ದೂರ ಒಯ್ದು, ಕೆಂಡ ಹತ್ತಿಲ್ಲ ಅಂತ ತಳ ನೋಡಿ, ಕೌದಿಯಲ್ಲಿ ಸುತ್ತಿಡ್ರಿ. ಥರ್ಮಾಸ್ ಬೇಡ, ಅವ್ವನ ಕೌದಿಯೇ ಸಾಕು.

ಬೆಂಕಿಯ ಮಾತು

ಒಂದು ಟ್ರೇಲರ್ ನೋಡ್ರಿ. ಕೆಳಗೆ ಎತ್ತಿನ ಮೇವು, ಮೇಲೆ ತಾಡಪತ್ರಿ, ಮೂಲೆಯಲ್ಲಿ ಡೀಸೆಲ್ ಕ್ಯಾನು, ನಡುವೆ ಮಲಗಿದ ಮಕ್ಕಳು. ಅದರ ಪಕ್ಕದಲ್ಲೇ ಒಲಿ ಹೊತ್ತಿಸೋದು ನಮ್ಮಲ್ಲಿ ಎಲ್ಲರಿಗೂ ರೂಢಿ. ಡಬ್ಬಿ ಒಲಿ ಮೂರು ಕಲ್ಲಿಗಿಂತ ಸುರಕ್ಷಿತ ಹೌದು, ಕಿಡಿ ಕಡಿಮೆ ಹಾರುತ್ತದೆ. ಆದರೆ ಕಾಲು ತಾಗಿದರೆ ಉರುಳುತ್ತದೆ, ಮತ್ತು ಅದರ ತಳ ತೆರೆದೇ ಇರುತ್ತದೆ. ಸಣ್ಣ ಕೆಂಡ ತೂತಿನಿಂದ ನೆಲಕ್ಕೆ ಬೀಳುತ್ತದೆ. ಅದಕ್ಕೆ ಹಳೆಯ ಕಬ್ಬಿಣದ ತಾಟಿನಲ್ಲಿ ಎರಡು ಬೆರಳು ಮಣ್ಣು ಹರಡಿ ಅದರ ಮೇಲೆ ಒಲಿ ಇಡ್ರಿ. ಟ್ರೇಲರ್, ಚಕ್ಕಡಿ, ಕಬ್ಬಿನ ರವದಿ, ಬಣವಿ ಇವುಗಳಿಂದ ಕಡಿಮೆ ಅಂದರೂ ಹದಿನೈದು ಹೆಜ್ಜೆ ದೂರ, ಅದೂ ಗಾಳಿ ಹೋಗುವ ಕಡೆಗೆ. ಅಂದರೆ ಗಾಳಿ ನಿಮ್ಮ ಸಾಮಾನಿನ ಕಡೆಯಿಂದ ಒಲಿಯ ಕಡೆ ಬೀಸಬೇಕು, ಒಲಿಯಿಂದ ಸಾಮಾನಿನ ಕಡೆ ಅಲ್ಲ. ಪಕ್ಕದಲ್ಲಿ ಒಂದು ಕೊಡ ನೀರು.

ಕಬ್ಬಿನ ಹೊಲದಲ್ಲಿ ಇದು ಇನ್ನೂ ಮುಖ್ಯ. ಒಣ ರವದಿಗೆ ಹತ್ತಿದ ಬೆಂಕಿ ಓಡುವ ವೇಗಕ್ಕೆ ಕೊಡದ ನೀರು ಸಾಲೋದಿಲ್ಲ. ಕಡಿದ ಕಬ್ಬು, ಜೋಪಡಿ, ಎತ್ತು ಎಲ್ಲ ಅದರ ದಾರಿಯಲ್ಲೇ ಇರುತ್ತವೆ. ರವದಿ ಕೆರೆದು ಬರೀ ಮಣ್ಣು ಕಾಣುವ ಜಾಗದಲ್ಲಷ್ಟೇ ಒಲಿ. ಕಿತ್ತೂರಿನಿಂದ ಪಶ್ಚಿಮಕ್ಕೆ ಖಾನಾಪುರ ಕಡೆಯ ಕಾಡಿಗೆ ತಿರುಗಾಡಲು ಹೋಗುವ ಹುಡುಗರಿಗೆ ಒಂದು ಮಾತು: ಮೀಸಲು ಅರಣ್ಯದಲ್ಲಿ ಬೆಂಕಿ ಹೊತ್ತಿಸೋದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ. ಅಲ್ಲಿಗೆ ಚಹಾ ಮನೆಯಿಂದಲೇ ತುಂಬಿಕೊಂಡು ಹೋಗ್ರಿ.

ಚಳಿ ಅಂತ ರಾತ್ರಿ ಕೆಂಡದ ಒಲಿಯನ್ನು ತಾಡಪತ್ರಿ ಮುಚ್ಚಿದ ಟ್ರೇಲರಿನೊಳಗೆ ಇಲ್ಲವೇ ಜೋಪಡಿಯೊಳಗೆ ಎಂದೂ ಇಡಬೇಡ್ರಿ. ಹೊಗೆ ಕಾಣದಿದ್ದರೂ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬಂದಾಗ ನಿದ್ದೆ ಅಂದುಕೊಂಡು ಮಲಗಿದವರು ಏಳೋದಿಲ್ಲ. ಯಾರಿಗಾದರೂ ಹಾಗಾದರೆ ಮೊದಲು ಹೊರಗಿನ ಗಾಳಿಗೆ ಎಳೆದು ತಂದು 108ಕ್ಕೆ ಫೋನ್ ಮಾಡ್ರಿ.

ಮೊಬೈಲಿನಲ್ಲಿ ತಂಪು ಪಾನೀಯದ ಡಬ್ಬಿ ಕತ್ತರಿಸಿ ಸ್ಪಿರಿಟ್ ಒಲಿ ಮಾಡುವ ವಿಡಿಯೊಗಳು ಬಹಳ ಓಡಾಡುತ್ತವೆ. ಅಂಗೈಯಷ್ಟು ಒಲಿ, ಮೂವತ್ತು ಎಂಎಲ್ ಸ್ಪಿರಿಟಿನಲ್ಲಿ ಲೀಟರ್ ನೀರು ಕುದಿಯುತ್ತದೆ ಅನ್ನೋದು ಸುಳ್ಳಲ್ಲ. ಆದರೆ ಜಾತ್ರೆಗೆ ಅದು ಬೇಡವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಸ್ಪಿರಿಟಿನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳೋದಿಲ್ಲ. ಆರಿತು ಅಂತ ಮತ್ತೆ ಸುರಿದರೆ ಬಾಟಲಿಗೇ ಬೆಂಕಿ ಏರುತ್ತದೆ. ಸ್ಯಾನಿಟೈಸರಿಗೂ ಇದೇ ಮಾತು. ಬಣ್ಣದಂಗಡಿಯ ಸ್ಪಿರಿಟಿನಲ್ಲಿ ಮೆಥನಾಲ್ ಇರಬಹುದು, ನೀರಿನ ಬಾಟಲಿಯಲ್ಲಿ ತುಂಬಿಟ್ಟರೆ ಯಾರೋ ಕುಡಿದೇ ಬಿಡುತ್ತಾರೆ. ಡಬ್ಬಿ ಒಲಿಗೆ ಸೀಮೆಎಣ್ಣೆ, ಪೆಟ್ರೋಲ್ ಸುರಿದು ಹೊತ್ತಿಸೋದಂತೂ ಯೋಚನೆಯನ್ನೂ ಮಾಡಬೇಡ್ರಿ.

ಕುದಿಯುವ ಚಹಾ ಮೈಮೇಲೆ ಬಿದ್ದರೆ ತಕ್ಷಣ ತಣ್ಣೀರು ಸುರೀರಿ, ಇಪ್ಪತ್ತು ನಿಮಿಷ ಬಿಡದೆ. ಮಂಜುಗಡ್ಡೆ, ಟೂತ್‌ಪೇಸ್ಟ್, ಇಂಕು, ಎಣ್ಣೆ ಏನೂ ಹಚ್ಚಬಾರದು. ಗುಳ್ಳೆ ಒಡೆಯಬಾರದು.

ಹೊರಡುವಾಗ ಬೂದಿಗೆ ನೀರು ಹಾಕಿ, ಕೈ ಇಟ್ಟರೆ ತಣ್ಣಗಿರಬೇಕು, ಆಮೇಲೆ ಒಲಿ ಚೀಲಕ್ಕೆ. ಬಿಸಿ ಒಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಟ್ರೇಲರಿಗೆ ಎಸೆಯೋದೂ ಅಷ್ಟೇ ಅಪಾಯ. ಒಳಗಿನ ಡಬ್ಬಿ ದಿನಾ ಉರಿದರೆ ಒಂದು ಹಂಗಾಮಿನಲ್ಲಿ ತಳ ತಿಂದು ಹೋಗುತ್ತದೆ. ಹೊರಗಿನದು ಹಾಗೇ ಇರುತ್ತದೆ, ಅದೇ ಅಳತೆಯ ಇನ್ನೊಂದು ತುಪ್ಪದ ಡಬ್ಬಿ ಗುಜರಿಯಿಂದ ತಂದು ತೂತು ಹೊಡೆದು ಇಳಿಸಿದರೆ ಆಯಿತು.